ಮಗ ದಂಡಿನಿಂದ ಆಡುವ ಮಾತು

(ಹಳ್ಳಿಯೊಂದರ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)

ರೈತ ಬಂಧುಗಳೇ, ತಾಯಂದಿರೇ,

ನಾನು ನಿಮ್ಮ ಮುಂದೆ ನಿಂತಾಗಲೆಲ್ಲ ಬೀಜೋಪಚಾರ, ಮಣ್ಣು ಪರೀಕ್ಷೆ, ಬದು ಹಾಕುವುದು ಇಂಥ ವಿಷಯಗಳನ್ನೇ ಹೇಳುವುದು ವಾಡಿಕೆ. ಇಂದು ಅವನ್ನು ಸ್ವಲ್ಪ ಬದಿಗಿಟ್ಟು ಬೇರೊಂದು ಮಾತನ್ನು ಹೇಳಬೇಕೆಂದಿದ್ದೇನೆ. ಸೈನ್ಯಕ್ಕೆ ಹೋದ ನಮ್ಮ ಹುಡುಗರು ಆಡುವ ಭಾಷೆಯೇ ಆ ವಿಷಯ. "ಕೃಷಿ ಡಿಪ್ಲೊಮಾ ಓದಿದ ಇವನಿಗೂ ಸೈನ್ಯದ ಮಾತಿಗೂ ಏನು ಸಂಬಂಧ?" ಎಂದು ನೀವು ಕೇಳಬಹುದು. ಸಂಬಂಧವಿದೆ. ಆ ಭಾಷೆ ಗೊತ್ತಿಲ್ಲದೆ ನಾನೊಂದು ತಪ್ಪು ಮಾಡಿದೆ. ಅದನ್ನು ನಿಮ್ಮೆದುರು ಒಪ್ಪಿಕೊಂಡೇ ಮಾತು ಆರಂಭಿಸುತ್ತೇನೆ.

ನಾನು ಓಡಾಡುವ ಊರೊಂದರಲ್ಲಿ ಎಲ್ಲರೂ "ಹವಾಲ್ದಾರ ಅಜ್ಜ" ಎಂದು ಕರೆಯುವ ಹಿರಿಯರಿದ್ದಾರೆ. ೧೯೭೧ರ ಯುದ್ಧ ಕಂಡವರು. ಅವರ ಮೊಮ್ಮಗ ಅಗ್ನಿವೀರನಾಗಿ ತರಬೇತಿಗೆ ಹೋಗಿದ್ದ. ಒಂದು ದಿನ ಕಡಲೆ ಹೊಲದ ಮಣ್ಣಿನ ಮಾದರಿ ತೆಗೆಯಲು ಹೋದವನು ಅವರ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆ. ಅಜ್ಜ ಊರಲ್ಲಿರಲಿಲ್ಲ, ಮಗಳ ಮನೆಗೆ ಹೋಗಿದ್ದರು. ಆಗ ಹುಡುಗನ ಫೋನು ಬಂತು. ಅಪರೂಪಕ್ಕೊಮ್ಮೆ ಬರುವ ಕರೆ. ಎಲ್ಲರಿಗೂ ಕೇಳಲೆಂದು ತಾಯಿ ಧ್ವನಿ ಹೆಚ್ಚು ಮಾಡಿ ಹಿಡಿದರು.

"ಅವ್ವಾ, ಇಲ್ಲಿ ಭಾಳ ರಗಡಾ ನಡದೈತಿ. ಮೂರು ದಿನದಿಂದ ಎಂ.ಐ. ರೂಮಿಗೆ ಹೊಂಟೇನಿ" ಎಂದ ಹುಡುಗ.

ತಾಯಿಯ ಮುಖ ಅರಳಿತು. ನಮ್ಮ ಈ ಭಾಗದಲ್ಲಿ ರಗಡ ಎಂದರೆ ಬೇಕಾದಷ್ಟು, ಯಥೇಚ್ಛ ಎಂದರ್ಥ. "ರಗಡ ಐತಂತ. ಉಣ್ಣಾಕ ತಿನ್ನಾಕ ಏನೂ ಕಡಿಮಿ ಇಲ್ಲಂತ ನೋಡ್ರಿ" ಎಂದು ನನ್ನ ಕಡೆ ತಿರುಗಿದರು. ಆಮೇಲೆ ಫೋನನ್ನು ಸ್ವಲ್ಪ ದೂರ ಹಿಡಿದು, "ಎಂ.ಐ. ಅಂದ್ರ ಏನ್ರೀ ಸಾಹೇಬ್ರ?" ಎಂದು ಕೇಳಿದರು. ಓದಿದವನು ಗೊತ್ತಿಲ್ಲ ಎನ್ನುವುದುಂಟೇ? "ಅದೊಂದು ಫೋನಿನ ಹೆಸರು ಅಕ್ಕಾರ. ಹೊಸ ಫೋನು ತಗೊಳ್ಳಾಕ ಅಂಗಡಿಗೆ ಹೋಗಿರಬೇಕು" ಎಂದುಬಿಟ್ಟೆ. ತಾಯಿ ಮಗನನ್ನು ಗದರಿಸಿದರು: "ಇರೋ ಫೋನು ಚಲೋ ಐತಲ್ಲೋ, ರೊಕ್ಕ ಯಾಕ ಹಾಳ ಮಾಡ್ತಿ?" ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಹ್ಞೂಂ ಅವ್ವಾ, ಇಡ್ತೀನಿ" ಎಂದ. ಫೋನು ನಿಂತಿತು.

ಆ ಹುಡುಗ ನಿಜವಾಗಿ ಹೇಳಿದ್ದೇನೆಂಬುದನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು, ಸೈನ್ಯದ ಮಾತು ಹುಟ್ಟುವುದು ಹೇಗೆ, ತಲೆಮಾರಿನಿಂದ ತಲೆಮಾರಿಗೆ ಬದಲಾಗುವುದೇಕೆ ಎಂಬುದನ್ನು ವಿಚಾರ ಮಾಡೋಣ.

ಪ್ರತಿಯೊಂದು ಕಸುಬಿಗೂ ಅದರದೇ ಮಾತುಗಳಿರುತ್ತವೆ. "ಹದ ಬಂದೈತಿ, ನಾಳೆ ಕೂರಿಗಿ ಹೂಡೋಣ" ಎಂದು ನೀವು ಹೇಳಿದರೆ ಪೇಟೆಯವನಿಗೆ ಅರ್ಥವಾಗದು. ಆದರೆ ರೈತನ ಮಾತಿಗೂ ಸೈನಿಕನ ಮಾತಿಗೂ ಒಂದು ವ್ಯತ್ಯಾಸವಿದೆ. ನಾವು ಒಂದೇ ಊರಿನವರು, ತಲೆತಲಾಂತರದಿಂದ ಒಂದೇ ನೆಲ ಉತ್ತವರು. ಸೈನ್ಯದಲ್ಲಿ ಹಾಗಲ್ಲ. ಹತ್ತು ಸೀಮೆಯ, ಹತ್ತು ಭಾಷೆಯ ತರುಣರು ಒಂದೇ ಛಾವಣಿಯ ಕೆಳಗೆ ಮಲಗಿ, ಒಂದೇ ಲಂಗರಿನಲ್ಲಿ, ಅಂದರೆ ಒಂದೇ ಅಡಿಗೆಮನೆಯಲ್ಲಿ ಉಣ್ಣುತ್ತಾರೆ. ಕೆಲವು ವರ್ಷಗಳಲ್ಲಿ ಹಳಬರು ಹೊರಟುಹೋಗುತ್ತಾರೆ, ಹೊಸಬರು ಬರುತ್ತಾರೆ. ಹೀಗಾಗಿ ಅಲ್ಲಿಯ ಮಾತು ಬೇಗ ಹುಟ್ಟುತ್ತದೆ, ಬೇಗ ಬದಲಾಗುತ್ತದೆ.

ಬದಲಾವಣೆಗೆ ಮೊದಲನೆಯ ಕಾರಣ ಜೊತೆಗಾರರು. ಬ್ರಿಟಿಷರ ಕಾಲದಲ್ಲಿ ಇಂಗ್ಲೆಂಡಿನ ಸೋಲ್ಜರನೂ ನಮ್ಮ ಸಿಪಾಯಿಯೂ ಒಂದೇ ದಂಡಿನಲ್ಲಿದ್ದರು. ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಅಂಟಿತು. ಅಡಿಗೆಯ ಡೇಗಚಿ ಅವರ ಬಾಯಲ್ಲಿ ಡಿಕ್ಸಿಯಾಯಿತು. ಕಾಲಿಗೆ ಸುತ್ತುವ ಪಟ್ಟಿ ಪಟ್ಟೀಸ್ ಆಯಿತು. "ದೇಖೋ" ಎಂಬುದು ಡೆಕ್ಕೋ ಆಯಿತು. ಖುಷಿಯಿಂದ ಕುಶಿ ಎಂಬ ಇಂಗ್ಲಿಷ್ ಮಾತು ಬಂತೆನ್ನುತ್ತಾರೆ. ಆರಾಮದ ಕೆಲಸ ಎಂದರ್ಥ. ೧೮೪೬ರಲ್ಲಿ ಪೇಶಾವರದಲ್ಲಿ ಕಟ್ಟಿದ ಗೈಡ್ಸ್ ಎಂಬ ದಳ ಧೂಳಿನ ಬಣ್ಣದ ಬಟ್ಟೆಯನ್ನು ಬಳಕೆಗೆ ತಂದಿತು. ಖಾಕ್ ಎಂದರೆ ಧೂಳು, ಅದರಿಂದ ಖಾಕಿ. ಈಗ ಲೋಕವೆಲ್ಲ ಆ ಮಾತನ್ನು ಆಡುತ್ತದೆ. ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಸೋಲ್ಜರರು ಊರಿಗೆ ಹೋಗಲು ಹಡಗಿಗಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ಕಾದು ಕಾದು ತಲೆ ಕೆಟ್ಟವನನ್ನು "ದೂಲಾಲಿ ತಾಪ" ಹಿಡಿದವನು ಎನ್ನುತ್ತಿದ್ದರು. ತಾಪ ಎಂದರೆ ಜ್ವರ, ನಮ್ಮ ತಾಪವೇ ಅದು. ಆ ತಲೆಮಾರು ಹೋಯಿತು, ದೇವಳಾಲಿಯ ನೆನಪೂ ಹೋಯಿತು. ಆದರೂ ತಲೆ ಸರಿಯಿಲ್ಲದವನನ್ನು ಇಂಗ್ಲೆಂಡಿನಲ್ಲಿ ಇಂದಿಗೂ ದೂಲಾಲಿ ಎನ್ನುವುದುಂಟು. ಆಡುವವರಲ್ಲಿ ಅನೇಕರಿಗೆ ಅದು ನಮ್ಮ ದೇಶದ ಒಂದು ಊರೆಂದು ತಿಳಿಯದು.

ನಮ್ಮ ಸಿಪಾಯಿಗಳೂ ಹಿಂದೆ ಬೀಳಲಿಲ್ಲ. ಕಾವಲುಗಾರನು ಇಂಗ್ಲಿಷಿನಲ್ಲಿ "ಹೂ ಕಮ್ಸ್ ದೇರ್" ಎಂದು ಕೂಗಬೇಕಾದದ್ದು ಅವರ ಬಾಯಲ್ಲಿ "ಹುಕುಂದಾರ್" ಆಯಿತೆಂದು ಹೇಳುವುದುಂಟು. ಹುಕುಂ ಎಂಬುದು ಅವರಿಗೆ ಗೊತ್ತಿದ್ದ ಮಾತು. ತಿಳಿಯದ ಮಾತನ್ನು ತಿಳಿದ ಮಾತಿಗೆ ಹೊಂದಿಸಿಕೊಂಡರು. ನಾನು ಎಂ.ಐ. ಎಂಬುದನ್ನು ಫೋನಿಗೆ ಹೊಂದಿಸಿದೆನಲ್ಲ, ಹಾಗೆಯೇ.

ಸೈನ್ಯದ ಮಾತು ಊರೊಳಗೆ ಬಂದಾಗ ಅರ್ಥ ಬದಲಿಸುತ್ತದೆ. ಜವಾನ್ ಎಂದರೆ ಹಿಂದುಸ್ತಾನಿಯಲ್ಲಿ ತರುಣ, ಸೈನ್ಯದಲ್ಲಿ ಯೋಧ. ನಮ್ಮ ಕನ್ನಡದ ಕಚೇರಿಗಳಲ್ಲಿ ಜವಾನ ಎಂದರೆ ಕಾಗದ ಹೊತ್ತು ತಿರುಗುವವನು. ಕುದುರೆಯ ದಳದಲ್ಲಿ ದಫೇದಾರ ಎಂದರೆ ಹವಾಲ್ದಾರನ ದರ್ಜೆಯವನು. ನಮ್ಮಲ್ಲಿ ದೊಡ್ಡ ಸಾಹೇಬರ ಬಾಗಿಲಲ್ಲಿ ಪೇಟ ಸುತ್ತಿ ನಿಲ್ಲುವವನು. ಪಟಾಲಂ ಎಂದರೆ ಸೈನ್ಯದ ದಳ. ಈಗ ಯಾರನ್ನಾದರೂ "ತನ್ನ ಪಟಾಲಂ ಕಟ್ಟಿಕೊಂಡು ಬಂದ" ಎಂದರೆ ಅದು ಹೊಗಳಿಕೆಯಲ್ಲ. ಕೆಲವು ಸಲ ಊರ ಅರ್ಥವೇ ಬಲವಾಗಿ ಸೈನ್ಯದ ಮಾತನ್ನು ಹೊರಗೆ ತಳ್ಳುತ್ತದೆ. ಹಿಂದೆ ಜಮಾದಾರ ಎಂಬುದು ಗೌರವದ ಒಂದು ದರ್ಜೆ. ಉತ್ತರದ ಪಟ್ಟಣಗಳಲ್ಲಿ ಕಸ ಗುಡಿಸುವವರನ್ನು ಆ ಹೆಸರಿನಿಂದ ಕರೆಯುವುದು ರೂಢಿಯಾಗಿತ್ತು. ೧೯೬೫ರಲ್ಲಿ ನಮ್ಮ ಸೈನ್ಯ ಆ ದರ್ಜೆಯನ್ನು ನಾಯಬ್ ಸುಬೇದಾರ ಎಂದು ಕರೆಯಿತು. ಜಮಾದಾರನಾಗಿ ನಿವೃತ್ತನಾದವನ ಮೊಮ್ಮಗನಿಗೆ ಇಂದು ಆ ದರ್ಜೆಯ ಹೆಸರೇ ಕೇಳಿ ಗೊತ್ತಿರುವುದಿಲ್ಲ.

ಎರಡನೆಯ ಕಾರಣ ಸಲಕರಣೆಗಳು. ನಮ್ಮಲ್ಲಿ ಕಪಿಲೆ ಹೋದ ಮೇಲೆ ಕಪಿಲೆಯ ಮಾತುಗಳೂ ಹೋದವಲ್ಲವೇ? ಅದೇ ರೀತಿ. ೧೯೬೨ರಲ್ಲಿ ಹಿಮಾಲಯದಲ್ಲಿ ಕಾದಿದವರ ಕೈಯಲ್ಲಿದ್ದುದು "ತ್ರೀ ನಾಟ್ ತ್ರೀ" ಬಂದೂಕು. ೧೯೭೧ರವರದು ಎಸ್.ಎಲ್.ಆರ್. ೧೯೯೯ರ ಕಾರ್ಗಿಲ್‌ನವರದು ಇನ್ಸಾಸ್. ಈಗಿನ ಹುಡುಗರು ಸಿಗ್ ಎಂದೂ ಎ.ಕೆ. ಎಂದೂ ಮಾತಾಡುತ್ತಾರೆ. ಬಂದೂಕಿನ ಹೆಸರು ಹೇಳಿದರೆ ಸಾಕು, ಸೈನಿಕನು ಯಾವ ಕಾಲದವನೆಂದು ಗೊತ್ತಾಗುತ್ತದೆ.

ತಂತಿಯಿಲ್ಲದ ಯಂತ್ರದಲ್ಲಿ ಅಕ್ಷರಗಳನ್ನು ಸ್ಪಷ್ಟವಾಗಿ ಹೇಳಲು ಒಂದೊಂದು ಅಕ್ಷರಕ್ಕೆ ಒಂದೊಂದು ಹೆಸರಿಡುತ್ತಾರೆ. ಎರಡನೆಯ ಮಹಾಯುದ್ಧದ ಅಮೆರಿಕನ್ ಸೈನಿಕನು "ಏಬಲ್, ಬೇಕರ್, ಚಾರ್ಲಿ" ಎನ್ನುತ್ತಿದ್ದ. ೧೯೫೬ರಿಂದ ಅದು "ಆಲ್ಫಾ, ಬ್ರಾವೋ, ಚಾರ್ಲಿ" ಆಯಿತು. ವಿಯೆಟ್ನಾಂ ಯುದ್ಧಕ್ಕೆ ಹೋದ ಅಮೆರಿಕನ್ನರು ವಿಯೆಟ್ ಕಾಂಗ್ ಎಂಬ ಶತ್ರುಪಡೆಯನ್ನು ಅದರ ಮೊದಲಕ್ಷರಗಳಿಂದ "ವಿಕ್ಟರ್ ಚಾರ್ಲಿ" ಎಂದರು, ಆಮೇಲೆ ಬರಿಯ "ಚಾರ್ಲಿ" ಎಂದರು. ಅಪ್ಪನಿಗೆ ಚಾರ್ಲಿ ಎಂಬುದು ಒಂದು ಅಕ್ಷರ, ಮಗನಿಗೆ ಅದೇ ವೈರಿ.

ನಮ್ಮ ನಾಡಿನ ಹೆಸರೂ ಹೀಗೆ ದೂರ ಹೋಗಿದೆ. ೧೯೧೨ರಲ್ಲಿ ಬೆಂಗಳೂರಿನ ಮದರಾಸು ಸ್ಯಾಪರ್ಸ್ ದಳದ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಎಂಬುವರು ಮುಳ್ಳುತಂತಿಯ ಬೇಲಿಯನ್ನು ಸಿಡಿಸಿ ದಾರಿ ಮಾಡುವ ಒಂದು ಉದ್ದನೆಯ ಕೊಳವೆಯನ್ನು ರೂಪಿಸಿದರು. ಅದಕ್ಕೆ ಬ್ಯಾಂಗಲೋರ್ ಟಾರ್ಪಿಡೊ ಎಂದು ಹೆಸರಾಯಿತು. ೧೯೪೪ರ ಜೂನ್‌ನಲ್ಲಿ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿದ ಅಮೆರಿಕನ್ ಹುಡುಗರ ಬಾಯಲ್ಲಿ ಬ್ಯಾಂಗಲೋರ್ ಎಂದರೆ ಊರಲ್ಲ, ಬೇಲಿ ಒಡೆಯುವ ಕೊಳವೆ. ಇಂದಿಗೂ ಬೆಂಗಳೂರಿನಲ್ಲಿರುವ ಆ ದಳದವರನ್ನು ಸೈನ್ಯದಲ್ಲಿ ಪ್ರೀತಿಯಿಂದ "ತಂಬಿ" ಎನ್ನುತ್ತಾರೆ. ತಮಿಳಿನ ತಂಬಿ ನಮ್ಮ ತಮ್ಮನೇ. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ದಳದವನಿಗೆ "ಗಣಪತ್" ಎಂಬ ಹೆಸರು.

ಮೂರನೆಯ ಕಾರಣವನ್ನು ಮನೆಯಲ್ಲಿರುವ ನಾವು ಮುಖ್ಯವಾಗಿ ತಿಳಿಯಬೇಕು. ಸೈನಿಕನು ಕೆಲವು ಮಾತುಗಳನ್ನು ಕಷ್ಟವನ್ನು ಮುಚ್ಚಲೆಂದೇ ಆಡುತ್ತಾನೆ. ೧೯೧೪ರಲ್ಲಿ ಮೊದಲನೆಯ ಮಹಾಯುದ್ಧಕ್ಕೆ ನಮ್ಮ ಸಿಪಾಯಿಗಳನ್ನು ಫ್ರಾನ್ಸಿಗೆ ಒಯ್ದರು. ಅವರು ಊರಿಗೆ ಬರೆದ ಕಾಗದಗಳನ್ನು ಸರ್ಕಾರದವರು ಒಡೆದು ಓದುತ್ತಿದ್ದರು. ಸತ್ತವರ ಸಂಖ್ಯೆಯನ್ನು ಬರೆಯುವಂತಿರಲಿಲ್ಲ. ಆದುದರಿಂದ ಅವರು ಮೆಣಸಿನ ಮಾತನ್ನು ಬರೆದರು. ಕರಿಮೆಣಸು ಮುಗಿಯುತ್ತ ಬಂತು, ಈಗ ಕೆಂಪು ಮೆಣಸನ್ನು ಬಳಸುತ್ತಿದ್ದಾರೆ ಎಂಬ ಅರ್ಥದಲ್ಲಿ. ಕರಿಮೆಣಸು ಎಂದರೆ ನಮ್ಮ ಸಿಪಾಯಿ, ಕೆಂಪು ಮೆಣಸು ಎಂದರೆ ಬಿಳಿಯ ಸೋಲ್ಜರ. ಇದನ್ನು ಓದಿದ ಮನೆಯವರಲ್ಲಿ ಎಷ್ಟು ಮಂದಿಗೆ ಅದು ಸಾವಿನ ಸುದ್ದಿಯೆಂದು ತಿಳಿದಿದ್ದೀತು? ಎಷ್ಟು ಮಂದಿ ಸಾಂಬಾರ ಪದಾರ್ಥದ ಮಾತೆಂದು ಬದಿಗಿಟ್ಟಿದ್ದಾರು?

ಅದೇ ಯುದ್ಧದಲ್ಲಿ ಇಂಗ್ಲೆಂಡಿನ ಸೋಲ್ಜರನು ತನ್ನ ಊರನ್ನು "ಬ್ಲೈಟಿ" ಎನ್ನುತ್ತಿದ್ದ. ನಮ್ಮ ವಿಲಾಯತಿ ಎಂಬುದೇ ಹಾಗಾದದ್ದು. ಸಾಯದಷ್ಟು, ಆದರೆ ಊರಿಗೆ ಕಳಿಸುವಷ್ಟು ಗಾಯವಾದರೆ ಅದನ್ನು "ಬ್ಲೈಟಿ" ಗಾಯವೆಂದು ಸಂತೋಷಪಡುತ್ತಿದ್ದರು. ಮೈಗೆ ಗುಂಡು ತಗುಲಿದ್ದಕ್ಕೆ ಸಂತೋಷಪಡಬೇಕಾದರೆ ಅಲ್ಲಿಯ ಬದುಕು ಎಂಥದಿದ್ದಿರಬೇಕು! ಆ ಒಂದು ಮಾತಿನಲ್ಲಿ ಅದೆಲ್ಲ ಅಡಗಿದೆ. ಆದರೆ ಅರ್ಥ ಬಲ್ಲವನಿಗೆ ಮಾತ್ರ.

ಹಾಗೆಂದು ಎಲ್ಲ ಬದಲಾವಣೆಯೂ ದುಃಖದ್ದಲ್ಲ. "ಜೈ ಹಿಂದ್" ಎಂಬುದನ್ನು ನೋಡಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ಫೌಜಿನವರ ಘೋಷ, ಬ್ರಿಟಿಷರನ್ನು ಎದುರಿಸಿ ನಿಂತವರ ಮಾತು. ಸ್ವಾತಂತ್ರ್ಯ ಬಂದ ಮೇಲೆ ಅದೇ ನಮ್ಮ ಸೈನ್ಯದ ನಮಸ್ಕಾರವಾಯಿತು. ಹುರುಪು ಎಂಬರ್ಥದ "ಜೋಶ್" ಸೈನ್ಯದಲ್ಲಿ ಮೊದಲಿನಿಂದಲೂ ಇದ್ದ ಮಾತು. ೨೦೧೯ರಲ್ಲಿ ಬಂದ "ಉರಿ" ಚಲನಚಿತ್ರದ ಮೂಲಕ ಅದು ಊರೂರಿಗೆ ಹರಡಿ, ಶಾಲೆಯ ಮಕ್ಕಳೂ "ಹೌ ಈಸ್ ದ ಜೋಶ್" ಎಂದು ಕೂಗಿದರು. ೨೦೨೨ರಲ್ಲಿ ಅಗ್ನಿಪಥ ಯೋಜನೆಯೊಂದಿಗೆ ಅಗ್ನಿವೀರ ಎಂಬ ಹೊಸ ಹೆಸರು ಬಂತು. ನಾಲ್ಕು ವರ್ಷದ ಸೇವೆ. ಅಜ್ಜನ ಕಾಲದಲ್ಲಿ ಸೇವೆ ದೀರ್ಘವಾಗಿತ್ತು, ಮಾತು ಮೈಗೂಡಲು ಸಮಯವಿತ್ತು. ಇನ್ನು ಮುಂದೆ ಹುಡುಗರು ಬೇಗ ಹೋಗಿ ಬೇಗ ಬರುತ್ತಾರೆ, ಅವರೊಡನೆ ಮಾತೂ ಬೇಗ ಬರುತ್ತದೆ, ಬೇಗ ಹೋಗುತ್ತದೆ.

ಈಗ ನನ್ನ ತಪ್ಪಿಗೆ ಮರಳುತ್ತೇನೆ.

ಎಂಟು ದಿನಗಳ ಮೇಲೆ ಮಣ್ಣು ಪರೀಕ್ಷೆಯ ಚೀಟಿ ಕೊಡಲು ಅದೇ ಮನೆಗೆ ಹೋದೆ. ಹವಾಲ್ದಾರ ಅಜ್ಜ ಊರಿನಿಂದ ಬಂದಿದ್ದರು. ಸೊಸೆ ನಗುನಗುತ್ತ, ಹುಡುಗನಿಗೆ ಅಲ್ಲಿ ಎಲ್ಲ ರಗಡ ಇದೆಯೆಂದೂ, ಎಂ.ಐ. ಅಂಗಡಿಗೆ ಹೊಸ ಫೋನಿಗೆಂದು ಹೋಗಿದ್ದನೆಂದೂ ಹೇಳಿದರು. ಅಜ್ಜ ಕೈಯಲ್ಲಿದ್ದ ಚಹದ ಬಟ್ಟಲನ್ನು ಕೆಳಗಿಟ್ಟರು.

"ಅವಾ, ಅದು ನಮ್ಮ ರಗಡ ಅಲ್ಲವಾ" ಎಂದರು. "ಹಿಂದಿಯೊಳಗ ರಗಡನಾ ಅಂದ್ರ ತಿಕ್ಕೋದು, ಅರೆಯೋದು. ಮೈ ಅರದು ಹಿಟ್ಟು ಮಾಡೋ ಕವಾಯತಿಗೆ ಫೌಜಿನ್ಯಾಗ ರಗಡಾ ಅಂತಾರ. ಎಂ.ಐ. ರೂಮು ಅಂದ್ರ ದವಾಖಾನಿ. ಹುಡುಗ ಪೆಟ್ಟು ತಿಂದಾನ."

ತಾಯಿಯ ಕೈಯಿಂದ ಮೊರ ಜಾರಿತು. ನಾನು ತಲೆಯೆತ್ತಿ ನೋಡದಾದೆ. ಮಗ ತನಗೆ ತಿಳಿದ ಭಾಷೆಯಲ್ಲಿ ನೇರವಾಗಿಯೇ ಹೇಳಿದ್ದ. ಕೇಳಿದವರು ಅವನನ್ನು ದುಂದುಗಾರನೆಂದು ಬೈದಿದ್ದೆವು, ಅದೂ ನನ್ನ ಮಾತು ನಂಬಿ. ನಾನು "ಗೊತ್ತಿಲ್ಲ ಅಕ್ಕಾರ, ಅವನನ್ನೇ ಕೇಳ್ರಿ" ಎಂದಿದ್ದರೆ ಸಾಕಿತ್ತು.

ಆ ರಾತ್ರಿ ಕರೆ ಸಿಕ್ಕಿತು. ಅಜ್ಜ ಮೂರೇ ಪ್ರಶ್ನೆ ಕೇಳಿದರು: ಪೆಟ್ಟು ಎಲ್ಲಿ, ಡಾಕ್ಟರು ಏನಂದರು, ರಾತ್ರಿ ನಿದ್ದೆ ಬರುತ್ತದೆಯೋ ಇಲ್ಲವೋ. ಓಡಿ ಓಡಿ ಮೊಳಕಾಲಿನ ಕೆಳಗಿನ ಎಲುಬಿಗೆ ನೋವಾಗಿ ಬಾವು ಬಂದಿತ್ತು. ವಿಶ್ರಾಂತಿ ಬೇಕೆಂದು ಡಾಕ್ಟರು ಹೇಳಿದ್ದರು. ಆದರೆ ಹುಡುಗ ನೋವನ್ನು ಅರ್ಧ ಮುಚ್ಚಿಟ್ಟು ಓಡುತ್ತಿದ್ದ. "ರೆಲಿಗೇಟ್ ಮಾಡ್ತಾರ ಅಜ್ಜಾ" ಎಂದು ಅತ್ತ.

ಇಲ್ಲಿ ಅಜ್ಜನಿಗೂ ಮಾತು ಸಿಕ್ಕಲಿಲ್ಲ. ರೆಲಿಗೇಟ್ ಎಂಬುದು ಅವರ ಕಾಲದ ಮಾತಲ್ಲ. ನನ್ನ ಹಾಗೆ ಅವರು ಊಹಿಸಲಿಲ್ಲ. "ಹಂಗಂದ್ರ ಏನೋ?" ಎಂದು ಕೇಳಿದರು. ತನ್ನ ತಂಡದಿಂದ ತೆಗೆದು ಹಿಂದಿನ ತಂಡದ ಜೊತೆಗೆ ಹಾಕುವುದು ಎಂದ ಹುಡುಗ. "ಓ, ಹಿಂದಿನ ಸ್ಕ್ವಾಡಿಗೆ ಹಾಕೋದು!" ಎಂದರು ಅಜ್ಜ. "ನನ್ನನ್ನೂ ಹಾಕಿದ್ರು. ಹಿಂದಿನ ಸ್ಕ್ವಾಡಿನಿಂದ ಹೋದವನ ಹವಾಲ್ದಾರ ಆದೆ. ಕಾಲು ಉಳಿಸಿಕೊ. ಡಾಕ್ಟರಿಗೆ ಖರೇ ಹೇಳು."

ಐವತ್ತು ವರ್ಷಗಳಲ್ಲಿ ಆ ಮನೆಯಲ್ಲಿ ಯಾರಿಗೂ ಈ ಸಂಗತಿ ಗೊತ್ತಿರಲಿಲ್ಲ. ಅಜ್ಜ ಅದನ್ನು ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಹುಡುಗ ಡಾಕ್ಟರಿಗೆ ನಿಜ ಹೇಳಿದ. ಒಂದು ತಂಡ ಹಿಂದೆ ಬಿದ್ದ. ಕಾಲು ನೆಟ್ಟಗಾಯಿತು. ಕೊನೆಗೆ ಪ್ರತಿಜ್ಞೆ ತೆಗೆದುಕೊಳ್ಳುವ ದಿನ, ಅಂದರೆ ಅವರು ಕಸಂ ಪರೇಡ್ ಎನ್ನುವ ದಿನ, ತಾಯಿಯೂ ಅಜ್ಜನೂ ಹೋಗಿ ಕಣ್ತುಂಬ ನೋಡಿ ಬಂದರು.

ಬಂಧುಗಳೇ, ಇದರಿಂದ ನಾವು ಕಲಿಯಬೇಕಾದುದೇನು? ಬಿತ್ತನೆಯ ಕ್ರಮ ಹೇಳುವಂತೆ ನಾಲ್ಕು ಮಾತು ಹೇಳುತ್ತೇನೆ.

ಒಂದು: ಮಗ ಫೋನಿನಲ್ಲಿ ತಿಳಿಯದ ಮಾತಾಡಿದರೆ ಊಹೆ ಮಾಡಬೇಡಿ. "ಹಂಗಂದ್ರ ಏನಪ್ಪಾ?" ಎಂದು ಕೇಳಿ. ಕೇಳುವುದರಲ್ಲಿ ನಾಚಿಕೆಯಿಲ್ಲ. ಹವಾಲ್ದಾರರೇ ಕೇಳಿದರು.

ಎರಡು: ವಿಳಾಸದಲ್ಲಿ "೫೬ ಎ.ಪಿ.ಓ." ಅಥವಾ "೯೯ ಎ.ಪಿ.ಓ." ಎಂದಿದ್ದರೆ ಅದು ಊರಿನ ಹೆಸರಲ್ಲ, ಸೇನಾ ಅಂಚೆಯ ಗುರುತು. ಮಗನ ನಂಬರು, ದರ್ಜೆ, ದಳದ ಹೆಸರು, ಎ.ಪಿ.ಓ. ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆಸಿ ಮನೆಯಲ್ಲಿ ಜೋಪಾನವಾಗಿಡಿ. ಕಷ್ಟಕಾಲದಲ್ಲಿ ಬೇಕಾಗುವುದು ಅದೇ. ಅದನ್ನು ಪರರಿಗೆ ಕೊಡಬೇಡಿ, ಮೊಬೈಲಿನಲ್ಲಿ ಹರಡಬೇಡಿ.

ಮೂರು: ನಿಮ್ಮ ಊರಿನ ಮಾಜಿ ಸೈನಿಕರ ಹತ್ತಿರ, ಹೊಸದಾಗಿ ಸೇರುವ ಹುಡುಗನನ್ನೂ ಅವನ ತಾಯಿಯನ್ನೂ ಒಂದು ಸಂಜೆ ಕೂಡಿಸಿ. ರಗಡಾ, ಲಂಗರು, ಎಂ.ಐ. ರೂಮು ಇಂಥ ಮಾತುಗಳನ್ನು ತಾಯಿ ಮೊದಲೇ ತಿಳಿದುಕೊಳ್ಳಲಿ.

ನಾಲ್ಕು: ಶಾಲೆಯ ಮಕ್ಕಳು ಒಂದು ನೋಟುಪುಸ್ತಕದಲ್ಲಿ ಆ ಹಿರಿಯರ ಮಾತುಗಳನ್ನೂ ಅವುಗಳ ಅರ್ಥವನ್ನೂ ಬರೆದಿಡಲಿ. ಮಾತಿನ ಅರ್ಥ ಕೇಳಲು ಕುಳಿತರೆ ಅದರ ಹಿಂದಿನ ಕಥೆ ತಾನಾಗಿ ಬರುತ್ತದೆ. ಹಳೆಯ ಜೋಳದ ತಳಿಯ ತೆನೆಗಳನ್ನು ಬೀಜಕ್ಕೆಂದು ಜಂತಿಗೆ ಕಟ್ಟಿ ಇಡುತ್ತಿದ್ದೆವಲ್ಲ, ಅಷ್ಟೇ ಜತನದಿಂದ ಇದನ್ನೂ ಇಡಬೇಕು.

ಇನ್ನೊಂದು ಮಾತು ನನಗೇ ಸೇರಿದ್ದು. ಕಚೇರಿಯವರಾದ ನಮಗೂ ನಮ್ಮದೇ ಒಂದು ಭಾಷೆಯಿದೆ. ಫಲಾನುಭವಿ, ಪ್ರಾತ್ಯಕ್ಷಿಕೆ, ಅನುಪಾಲನಾ ವರದಿ ಎಂದು ನಿಮ್ಮ ಮುಂದೆ ಆಡಿ ಹೋಗಿಬಿಡುತ್ತೇವೆ. ನೀವು ಮರ್ಯಾದೆಗಾಗಿ ತಲೆಯಾಡಿಸುತ್ತೀರಿ. ಇನ್ನು ಮುಂದೆ ತಲೆಯಾಡಿಸಬೇಡಿ. "ಹಂಗಂದ್ರ ಏನ್ರೀ?" ಎಂದು ನನ್ನನ್ನೂ ನಿಲ್ಲಿಸಿ ಕೇಳಿ.

೧೯೬೫ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಜವಾನನನ್ನೂ ಕಿಸಾನನನ್ನೂ ಒಂದೇ ಘೋಷದಲ್ಲಿ ಕೂಡಿಸಿದರು. ನಮ್ಮ ಊರುಗಳಲ್ಲಿ ಅವರಿಬ್ಬರೂ ಒಂದೇ ಮನೆಯವರು, ಅನೇಕ ಸಲ ತಂದೆ ಮಕ್ಕಳು. ಒಂದೇ ಮನೆಯವರಿಗೆ ಒಬ್ಬರ ಮಾತು ಒಬ್ಬರಿಗೆ ತಿಳಿಯಬೇಕು. ತಿಳಿಯದಿದ್ದಾಗ ಕೇಳುವಷ್ಟು ಸಲಿಗೆಯಾದರೂ ಇರಬೇಕು.

ಮುಂದಿನ ಸೋಮವಾರ ಕಡಲೆಗೆ ಬೀಜೋಪಚಾರ ತೋರಿಸಲು ಬರುತ್ತೇನೆ. ಎಲ್ಲರೂ ಕೂಡಿರಿ.

ನಮಸ್ಕಾರ. ಜೈ ಹಿಂದ್.